ಆಟ ಮದ್ದಾದೀತೆ?

ಮಗು ಮಾತು ಬಿಟ್ಟು ಮೂಲೆ ಹಿಡಿಯುತ್ತದೆ. ಇಲ್ಲವೆ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತದೆ. ಏನಾಯಿತೆಂದು ಕೇಳಿದರೆ ಉತ್ತರವಿಲ್ಲ. ತನ್ನ ಸಂಕಟವನ್ನು ಹೇಳುವಷ್ಟು ಮಾತು ಅದಕ್ಕಿನ್ನೂ ಬಂದಿಲ್ಲ. ಆದರೆ ಆಟ ಬರುತ್ತದೆ. ಈ ಆಟವನ್ನೇ ಚಿಕಿತ್ಸೆಯಾಗಿಸಿದವರುಂಟು. ಲಂಡನ್ನಿನಲ್ಲಿ ಡಾ. ಮಾರ್ಗರೆಟ್ ಲೋವೆನ್‌ಫೆಲ್ಡ್ ಅವರು 1928ರಲ್ಲಿ ತೆರೆದ ಚಿಕಿತ್ಸಾಲಯದಲ್ಲಿ ಮಕ್ಕಳು ಮರಳಿನ ಮೇಲೆ ಪುಟ್ಟ ಬೊಂಬೆಗಳನ್ನಿರಿಸಿ ತಮ್ಮ ಮನಸ್ಸಿನ ಲೋಕವನ್ನೇ ಕಟ್ಟಿ ತೋರಿಸಿದರು. ಆಟವನ್ನು ಮಗುವೇ ನಡೆಸಲಿ, ಹಿರಿಯರು ಹಿಂಬಾಲಿಸಲಿ ಎಂದು ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರ ತಮ್ಮ ಗ್ರಂಥದಲ್ಲಿ ಬರೆದರು.

ಮಗು ಗುಣವಾಯಿತೆನ್ನೋಣ. ಗುಣಪಡಿಸಿದ್ದು ಆಟವೊ, ಕಾಲವೊ? 1957ರಲ್ಲಿ ಯೂಜೀನ್ ಲೆವಿಟ್ ಎಂಬ ವಿದ್ವಾಂಸರು ಮಕ್ಕಳ ಮಾನಸಿಕ ಚಿಕಿತ್ಸೆಯ ಲೆಕ್ಕಗಳನ್ನು ಕೂಡಿಸಿ ನೋಡಿದರು. ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಸುಧಾರಿಸಿದ್ದರು. ಪಡೆಯದವರಲ್ಲಿಯೂ ಹೆಚ್ಚುಕಡಮೆ ಅಷ್ಟೇ!

ಆದ್ದರಿಂದ ಗುಣವಾದವರನ್ನು ಎಣಿಸಿದರೆ ಸಾಲದು. ಒಂದೇ ಬಗೆಯ ತೊಂದರೆಯುಳ್ಳ ಮಕ್ಕಳಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಆಟದ ಚಿಕಿತ್ಸೆ ಕೊಟ್ಟು, ಇನ್ನೊಂದರೊಡನೆ ಹೋಲಿಸಬೇಕು. ಹೀಗೆ ಹೋಲಿಸಿ ನೋಡಿದ 93 ಪರೀಕ್ಷೆಗಳನ್ನು ಸ್ಯೂ ಬ್ರ್ಯಾಟನ್ ಮತ್ತು ಸಂಗಡಿಗರು 2005ರಲ್ಲಿ ಒಟ್ಟುಗೂಡಿಸಿದರು. ಆಟದ ಗುಂಪೇ ಸ್ಪಷ್ಟವಾಗಿ ಮುಂದಿತ್ತು. ತರಬೇತಿ ಪಡೆದ ತಾಯಿತಂದೆಯರೇ ಈ ಕೆಲಸ ಮಾಡಿದಲ್ಲಿ ಫಲ ಇನ್ನೂ ಹೆಚ್ಚು! ಅನೇಕ ಪರೀಕ್ಷೆಗಳು ಚಿಕ್ಕವಾದುದರಿಂದ ಇದೇ ಕೊನೆಯ ಮಾತಲ್ಲ.

ಸಂಕಟ ಬಹುದಿನ ಉಳಿದರೆ ತಜ್ಞರನ್ನು ಕಾಣಲೇಬೇಕು. ಆದರೆ ತಿದ್ದದೆ, ಗದರದೆ ಅರ್ಧ ಗಂಟೆ ಮಗುವಿನ ಆಟದ ಬಳಿ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.