ಕಾರ್ಖಾನೆಯ ಇಂಗಾಲದ ಲೆಕ್ಕ

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ದಾರಿಯಲ್ಲಿ, ಬೆಳವಾಡಿಯ ಸಮೀಪ, ಬೆಮೆಲ್ ಕಾರ್ಖಾನೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ೧೯೬೪ರಲ್ಲಿ ಕೇಂದ್ರ ರಕ್ಷಣಾ ಸಚಿವಾಲಯದಡಿ ಸ್ಥಾಪಿತವಾದ ಈ ಸಂಸ್ಥೆಯು ಸೈನ್ಯಕ್ಕೆ ಬೇಕಾದ ಭಾರೀ ವಾಹನಗಳನ್ನು ತಯಾರಿಸುತ್ತದೆ. ಅದರ ಮೈಸೂರು ಘಟಕದಿಂದ ಗಣಿಗಳಲ್ಲಿ ಕಲ್ಲಿದ್ದಲನ್ನೂ ಮಣ್ಣನ್ನೂ ಹೊರುವ ದೈತ್ಯಾಕಾರದ ಡಂಪರುಗಳು ಹೊರಬರುತ್ತವೆ. ಇಂತಹ ಕಾರ್ಖಾನೆಯೊಂದು ವಾಯುಮಂಡಲಕ್ಕೆ ಸೇರಿಸುವ ಇಂಗಾಲವನ್ನು ಅಳೆಯುವುದು ಹೇಗೆ?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು ೨೮೦ರಷ್ಟಿದ್ದ ಇಂಗಾಲದ ಡೈ ಆಕ್ಸೈಡ್ ಈಗ ೪೨೦ನ್ನು ಮೀರಿದೆ. ಭೂಮಿ ಹೊರಸೂಸುವ ಶಾಖವನ್ನು ಈ ಅನಿಲವು ತಡೆಹಿಡಿಯುವುದರಿಂದ ಭೂಗೋಳದ ಉಷ್ಣತೆ ಏರುತ್ತಿದೆ. ೨೦೭೦ರ ವೇಳೆಗೆ ನಿವ್ವಳ ಉತ್ಸರ್ಜನೆಯನ್ನು ಸೊನ್ನೆಗೆ ಇಳಿಸುವುದಾಗಿ ಭಾರತವು ೨೦೨೧ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿತು.

ಮೂರು ಬಾಬುಗಳು

ಕಾರ್ಖಾನೆಯ ಉತ್ಸರ್ಜನೆಯನ್ನು ಮೂರು ಬಾಬುಗಳಲ್ಲಿ ಬರೆಯುವುದು ರೂಢಿ. ಕುಲುಮೆ, ಜನರೇಟರುಗಳಲ್ಲಿ ತಾನೇ ಸುಡುವ ಇಂಧನದ್ದು ಮೊದಲನೆಯದು. ಕೊಂಡ ವಿದ್ಯುತ್ತಿಗಾಗಿ ಬೇರೆಡೆ ಸುಡುವ ಇಂಧನದ್ದು ಎರಡನೆಯದು. ಉಕ್ಕಿನಂತಹ ಕಚ್ಚಾ ಸಾಮಗ್ರಿಗಳ ತಯಾರಿಕೆ ಮತ್ತು ಮಾರಾಟವಾದ ಯಂತ್ರವು ತನ್ನ ಆಯುಷ್ಯವಿಡೀ ಕುಡಿಯುವ ಇಂಧನ ಮೂರನೆಯದು. ಈ ಮೂರನೆಯದರ ಗಾತ್ರವನ್ನು ನಾವೇ ಅಂದಾಜು ಮಾಡಿ ನೋಡೋಣ.

ಒಂದು ಲೀಟರು ಡೀಸೆಲ್ಲಿನಲ್ಲಿ ಸುಮಾರು ೦.೭೨ ಕಿಲೋಗ್ರಾಂ ಇಂಗಾಲವಿದೆ. ಉರಿಯುವಾಗ ೧೨ ಭಾಗ ಇಂಗಾಲವು ೩೨ ಭಾಗ ಆಮ್ಲಜನಕದೊಡನೆ ಕೂಡಿ ೪೪ ಭಾಗವಾಗುವುದರಿಂದ, ಲೀಟರಿಗೆ ಸುಮಾರು ೨.೬ ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಡಂಪರು ೧೦೦ ಟನ್ ಹೊರೆಯನ್ನು ೧೦೦ ಮೀಟರು ಆಳದ ಗಣಿಯಿಂದ ಮೇಲೆ ತರುತ್ತದೆನ್ನೋಣ. ಗುರುತ್ವಕ್ಕೆ ವಿರುದ್ಧವಾಗಿ ನಡೆಯಬೇಕಾದ ಕೆಲಸ ೯.೮ ಕೋಟಿ ಜೌಲ್. ಒಂದು ಲೀಟರು ಡೀಸೆಲ್ಲು ಸುಮಾರು ೩.೬ ಕೋಟಿ ಜೌಲ್ ಶಾಖವನ್ನು ಕೊಟ್ಟರೂ, ಎಂಜಿನು ಅದರಲ್ಲಿ ನೂರಕ್ಕೆ ೪೦ರಷ್ಟನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆನ್ನೋಣ. ಆಗ ಹೊರೆಯನ್ನು ಎತ್ತಲೆಂದೇ ಸುಮಾರು ೭ ಲೀಟರು ಬೇಕು. ೧೮ ಕಿಲೋಗ್ರಾಂ ಅನಿಲ ಗಾಳಿಗೆ ಸೇರುತ್ತದೆ. ಡಂಪರಿನ ಸ್ವಂತ ತೂಕವನ್ನೂ ಘರ್ಷಣೆಯನ್ನೂ ನಾವಿನ್ನೂ ಎಣಿಸಿಲ್ಲ. ಇದು ಒಂದು ಏರಿನ ಲೆಕ್ಕ. ಯಂತ್ರವು ದುಡಿಯುವುದು ವರ್ಷಗಟ್ಟಲೆ.

ವಿದ್ಯುತ್ತಿನಿಂದ ಓಡಿಸಿದರೆ ಸಾಲದೆ ಎಂದು ಕೇಳಬಹುದು. ಅದೇ ಕೆಲಸಕ್ಕೆ ಕನಿಷ್ಠ ೨೭ ಯೂನಿಟ್ ವಿದ್ಯುತ್ತು ಬೇಕು. ನಮ್ಮ ದೇಶದ ವಿದ್ಯುತ್ತಿನ ಬಹುಭಾಗ ಕಲ್ಲಿದ್ದಲಿನಿಂದ ಬರುವುದರಿಂದ, ಯೂನಿಟ್ಟಿಗೆ ಸರಾಸರಿ ೦.೭ ಕಿಲೋಗ್ರಾಮಿನಷ್ಟು ಅನಿಲ ಹೊರಬೀಳುತ್ತದೆ. ಗುಣಿಸಿದರೆ ಸುಮಾರು ೧೯ ಕಿಲೋಗ್ರಾಂ! ಹೊಗೆ ಗಣಿಯನ್ನು ಬಿಟ್ಟು ವಿದ್ಯುದಾಗಾರವನ್ನು ಸೇರಿತೇ ಹೊರತು ಕಡಮೆಯಾಗಲಿಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಕಾವೇರಿಯ ಜಲವಿದ್ಯುತ್ತು. ಅಂತಹ ನೀರು, ಗಾಳಿ, ಬಿಸಿಲುಗಳ ವಿದ್ಯುತ್ತು ದೊರೆತಾಗಲೇ ವಿದ್ಯುತ್ ಡಂಪರು ಸಾರ್ಥಕ.

ಗುರಿಯ ಪರೀಕ್ಷೆ

ಷೇರುಪೇಟೆಯಲ್ಲಿರುವ ಅಗ್ರ ೧೦೦೦ ಸಂಸ್ಥೆಗಳು ೨೦೨೨-೨೩ರಿಂದ ತಮ್ಮ ಪರಿಸರ ವರದಿಯನ್ನು ಪ್ರಕಟಿಸಬೇಕೆಂದು ಸೆಬಿ ವಿಧಿಸಿತು. ಆದರೆ ಅದರಲ್ಲಿ ಕಡ್ಡಾಯವಾದದ್ದು ಮೊದಲ ಎರಡು ಬಾಬುಗಳು, ಮೂರನೆಯದು ಐಚ್ಛಿಕ. ಸೈನ್ಯಗಳ ಉತ್ಸರ್ಜನೆಯ ವರದಿಯೂ ೨೦೧೫ರ ಪ್ಯಾರಿಸ್ ಒಪ್ಪಂದದಲ್ಲಿ ಕಡ್ಡಾಯವಲ್ಲ. ಛಾವಣಿಯ ಸೌರಫಲಕಗಳು ಶ್ಲಾಘ್ಯವೇ. ಆದರೆ ಅವು ತಟ್ಟುವುದು ಎರಡನೆಯ ಬಾಬನ್ನು ಮಾತ್ರ.

ಇನ್ನೊಂದು ಎಚ್ಚರವೂ ಅಗತ್ಯ. ಪ್ರತಿ ಯಂತ್ರದ ಉತ್ಸರ್ಜನೆ ನೂರಕ್ಕೆ ೩೦ರಷ್ಟು ಇಳಿದು, ತಯಾರಿಕೆ ಇಮ್ಮಡಿಯಾದರೆ, ಒಟ್ಟು ಮೊತ್ತ ೧೦೦ರಿಂದ ೧೪೦ಕ್ಕೆ ಏರುತ್ತದೆ. ವಾಯುಮಂಡಲವು ಒಟ್ಟು ಮೊತ್ತವನ್ನೇ ಅರಿಯುತ್ತದೆ, ಸರಾಸರಿಯನ್ನಲ್ಲ.

ಆದುದರಿಂದ ಯಾವುದೇ ಸಂಸ್ಥೆಯ ಗುರಿಯನ್ನು ಓದುವಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಬೇಕು: ಯಾವ ಬಾಬುಗಳು ಸೇರಿವೆ? ಯಾವ ವರ್ಷಕ್ಕೆ ಹೋಲಿಸಿದ ಇಳಿಕೆ? ಇಳಿಯುವುದು ಒಟ್ಟು ಮೊತ್ತವೋ, ಸರಾಸರಿಯೋ? ಉತ್ತರಿಸಲು ಬೇಕಾದ ಗಣಿತ ಪ್ರೌಢಶಾಲೆಯದೇ. ನಾಳೆ ಇಂತಹ ಕಾರ್ಖಾನೆಗಳಲ್ಲಿ ಎಂಜಿನು ರಚಿಸುವವರೂ ಇಂದಿನ ಈ ವಿದ್ಯಾರ್ಥಿಗಳೇ.