ಮೇಜಿನ ಮೇಲೊಂದು ಮೀಟರ್ ಗೇಜು

ಆಟದ ರೈಲು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಜಾತ್ರೆಯಲ್ಲಿ ಕೊಂಡುತಂದ ತಗಡಿನ ಗಾಡಿ. ಕೀಲಿ ಕೊಟ್ಟರೆ ನಾಲ್ಕು ಸುತ್ತು ಹಾಕಿ ಮಗ್ಗುಲಾಗಿ ಬೀಳುವಂಥದು. ನಾನು ಹೇಳಹೊರಟಿರುವುದು ಅದರ ವಿಷಯವನ್ನಲ್ಲ. ಯಾವುದೋ ಒಂದು ರೈಲುಮಾರ್ಗವನ್ನು ಗೊತ್ತಾದ ಪ್ರಮಾಣಕ್ಕೆ ಇಳಿಸಿ, ನಿಲ್ದಾಣ, ಸೇತುವೆ, ಕೈಮರ, ಗೇಟುಗಳ ಸಮೇತ ಹಲಗೆಯ ಮೇಲೆ ಕಟ್ಟಿ, ವೇಳಾಪಟ್ಟಿಯಂತೆ ಅದರ ಮೇಲೆ ಗಾಡಿ ಓಡಿಸುವ ಪ್ರೌಢರ ಹವ್ಯಾಸವೊಂದಿದೆ. ಬಾನುಲಿಯಲ್ಲಿ ಕಣ್ಣಿನ ವಸ್ತುವನ್ನು ಕಿವಿಗೆ ಕಾಣಿಸುವುದು ಕಷ್ಟ. ಆದರೂ ಬೆಳಗಾವಿ–ಖಾನಾಪುರದ ದಾರಿಯನ್ನು ಬಲ್ಲವರಿಗೆ ಅಷ್ಟೇನೂ ಕಷ್ಟವಾಗದೆಂದು ನಂಬಿದ್ದೇನೆ.

ಜರ್ಮನಿಯ ಮೆರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಗೊತ್ತಾದ ಅಳತೆಯ ಹಳಿಗಳುಳ್ಳ ಕಿರುರೈಲುಗಳನ್ನು ಪ್ರದರ್ಶಿಸಿತು. 1910ರಲ್ಲಿ ಲಂಡನ್ನಿನಲ್ಲಿ ಇಂಥ ಹವ್ಯಾಸಿಗಳ ಸಂಘ ಹುಟ್ಟಿತು. ಅಮೆರಿಕೆಯ ಎಂ.ಐ.ಟಿ. ವಿದ್ಯಾಲಯದಲ್ಲಿ 1946ರಲ್ಲಿ ಆರಂಭವಾದ ಕಿರುರೈಲು ಸಂಘದ ಹುಡುಗರೇ ಮುಂದೆ ಗಣಕಯಂತ್ರದ ಹುಚ್ಚು ಹಿಡಿಸಿಕೊಂಡು ‘ಹ್ಯಾಕರ್’ ಎಂಬ ಮಾತನ್ನು ಬಳಕೆಗೆ ತಂದರು. ಆ ಮಾತಿಗೆ ಆಗ ಕಳ್ಳತನದ ಅರ್ಥವಿರಲಿಲ್ಲ.

ಇಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಬೆಳಗಾವಿಯಲ್ಲಿ ಗಾಡಿ ಹತ್ತಿ ಮಿರಜ ದಾಟಿ ಪುಣೆಯಲ್ಲಿ ಇಳಿದರೆ, ಅಲ್ಲಿಯ ಕೋಥರೂಡಿನಲ್ಲಿ ಜೋಶಿಯವರ ಕಿರುರೈಲು ಸಂಗ್ರಹಾಲಯವಿದೆ. ಭಾವೂ ಜೋಶಿ ಎಂಬವರ ಜೀವಮಾನದ ಹವ್ಯಾಸ 1998ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡದ್ದು ಹೀಗೆ. ನಾನು ಅದನ್ನು ನೋಡಲು ಹೋದದ್ದು ಮೊಮ್ಮಗನ ನೆಪದಿಂದ. ಹೊರಡೋಣವೆಂದು ಕೈ ಜಗ್ಗಿದವನು ಅವನು, ನಾನಲ್ಲ. ದೀಪವಾರಿಸಿ ಇರುಳು ಮಾಡಿದಾಗ ಆ ಪುಟ್ಟ ಊರಿನ ಕಿಟಕಿಗಳಲ್ಲಿ ಬೆಳಕು ಮೂಡಿತು. ಆಗ ನನಗೆ ನೆನಪಾದದ್ದು ಪುಣೆಯಲ್ಲ, ನಮ್ಮೂರು.

ಸರಿ, ನಮ್ಮ ದಾರಿಯನ್ನೇ ಕಟ್ಟುವುದಾದರೆ? ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಎಂಬತ್ತೇಳಕ್ಕೆ ಒಂದು. ಆಳೆತ್ತರದ ಮನುಷ್ಯ ಎರಡು ಸೆಂಟಿಮೀಟರ್ ಆಗುತ್ತಾನೆ. ಆದರೆ ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರ್. ಈ ಪ್ರಮಾಣದಲ್ಲಿಯೂ ಅದು ಸುಮಾರು 290 ಮೀಟರ್! ಯಾವ ಮನೆಯ ನಡುಮನೆ ಅಷ್ಟುದ್ದವಿದೆ? ತಿರುವುಗಳದು ಇನ್ನೊಂದು ಪೇಚು. ನಮ್ಮ ಮೀಟರ್ ಗೇಜಿನಲ್ಲಿ ಅನುಮತಿಯಿದ್ದ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 110 ಮೀಟರ್. ಇಳಿಸಿದರೆ ಒಂದೂಕಾಲು ಮೀಟರಿನಷ್ಟು. ಗಾಡಿ ಪೂರ್ತಿ ಹಿಂದಿರುಗಬೇಕಾದರೆ ಎರಡೂವರೆ ಮೀಟರ್ ಅಗಲ ಬೇಕು. ಅಂದಮೇಲೆ ಬಿಡಲೇಬೇಕು. ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕದಲ್ಲಿಯೇ ಈ ಕಲೆಯ ಜೀವವಿದೆ. ಕರಿಯನ್ನು ಕನ್ನಡಿಯಲ್ಲಿ ತೋರಿಸುವ ಕೆಲಸ ನಮ್ಮ ಕವಿಗಳಿಗೆ ಹೊಸದಲ್ಲ.

ನನ್ನನ್ನು ಕೇಳಿದರೆ, ಟಿಳಕವಾಡಿಯ ಮೂರು ಗೇಟುಗಳಲ್ಲಿ ಒಂದನ್ನಾದರೂ ಇಡಬೇಕು. ಮೊದಲನೆಯ ಗೇಟು, ಎರಡನೆಯ ಗೇಟು, ಮೂರನೆಯ ಗೇಟು ಎಂದೇ ಬೆಳಗಾವಿಯವರು ವಿಳಾಸ ಹೇಳುವುದು. ಗೇಟು ಮುಚ್ಚಿರಬೇಕು, ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ ನಿಂತಿರಬೇಕು. ದೇಸೂರು, ಇದಲಹೊಂಡ ನಿಲ್ದಾಣಗಳಲ್ಲಿ ಒಂದು ಸಾಕು. ಆಮೇಲೆ ಭತ್ತದ ಗದ್ದೆ, ಕೆಂಪು ಹೆಂಚಿನ ಮಾಡುಗಳು, ಮತ್ತು ಖಾನಾಪುರದ ಬಳಿಯ ಮಲಪ್ರಭೆಯ ಸೇತುವೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಬರಿಯ ಹಲಗೆ.

ಗಾಡಿ ಓಡುವ ಬಗೆ ಸರಳ. ಎರಡು ಹಳಿಗಳಿಗೂ ಹನ್ನೆರಡು ವೋಲ್ಟಿನವರೆಗಿನ ನೇರ ವಿದ್ಯುತ್ತನ್ನು ಕೊಡುತ್ತಾರೆ. ಚಕ್ರಗಳ ಮೂಲಕ ಅದು ಇಂಜಿನ್ನಿನೊಳಗಿನ ಮೋಟಾರನ್ನು ಸೇರುತ್ತದೆ. ಒತ್ತಡ ಏರಿಸಿದರೆ ವೇಗ, ಧನ ಋಣಗಳನ್ನು ಅದಲುಬದಲು ಮಾಡಿದರೆ ಹಿಮ್ಮುಖ ಚಲನೆ. ಆದರೆ ಹಳಿಯನ್ನು ಕುಣಿಕೆಯಂತೆ ಬಳಸಿ ಬಂದ ದಾರಿಗೇ ಮರಳಿ ಕೂಡಿಸಿದಿರೋ, ಎಡಹಳಿಯು ಬಲಹಳಿಯನ್ನು ಮುಟ್ಟಿ ಶಾರ್ಟ್ ಆಗುತ್ತದೆ! ಆ ಕುಣಿಕೆಯನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಬೇರೆ ಸ್ವಿಚ್ಚಿನಿಂದ ನಡೆಸಬೇಕು. ಈಚಿನ ಗಣಕ ವಿಧಾನದಲ್ಲಿ ಒಂದೊಂದು ಇಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕೊಡಬಹುದು. ಕುಣಿಕೆಯ ಕಾಟ ಮಾತ್ರ ಅಲ್ಲಿಯೂ ತಪ್ಪಿಲ್ಲ.

ನಮಗೆ ನಿಜವಾದ ತೊಡಕಿರುವುದು ಬೇರೆಡೆ. ಅಂಗಡಿಯಲ್ಲಿ ಸಿಗುವ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್. ಅದು ಯುರೋಪು ಅಮೆರಿಕೆಗಳ 1435 ಮಿಲಿಮೀಟರ್ ಹಳಿಯ ಎಂಬತ್ತೇಳನೆಯ ಒಂದು ಪಾಲು. ನಮ್ಮ 1676 ಮಿಲಿಮೀಟರ್ ಬ್ರಾಡ್ ಗೇಜಿಗೆ ಅದು ಕಿರಿದು, ಮೀಟರ್ ಗೇಜಿಗೆ ಹಿರಿದು. ಮೀಟರ್ ಗೇಜಿಗೆ ಹನ್ನೆರಡು ಮಿಲಿಮೀಟರ್ ಹಳಿ ಬೇಕು. ಅದು ಸ್ವಿಸ್ ಬೆಟ್ಟದ ರೈಲುಗಳಿಗಾಗಿ ತಯಾರಾಗುತ್ತದೆ. ಹಳಿಯೇನೋ ದೊರೆಯಿತು, ನಮ್ಮ ಇಂಜಿನ್ನು, ನಮ್ಮ ಡಬ್ಬಿಗಳನ್ನು ಕೈಯಿಂದಲೇ ಮಾಡಬೇಕು.

ಇಷ್ಟು ಶ್ರಮವೇಕೆಂದು ಕೇಳಬಹುದು. ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ಸಂಗ್ರಹಾಲಯಗಳಿವೆಯಲ್ಲ? ಅವು ಇಂಜಿನ್ನನ್ನು ಉಳಿಸಿವೆ, ನಿಜ. ಆದರೆ ದಾರಿಯನ್ನು ಸಂಗ್ರಹಾಲಯದಲ್ಲಿಡಲು ಬಾರದು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಹಾಸಿದ ನಮ್ಮ ಮೀಟರ್ ಗೇಜು 1990ರ ದಶಕದಲ್ಲಿ ಬ್ರಾಡ್ ಗೇಜಾಯಿತು. ಆಗಬೇಕಾದದ್ದೇ, ಮಿರಜದಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸಿದವರಾರೂ ಅದಕ್ಕೆ ಅಳಲಿಲ್ಲ. ಆದರೆ 1980ರ ಸುಮಾರಿಗೆ, ಧಾರವಾಡದಲ್ಲಿ ಓದುತ್ತಿದ್ದಾಗ, ಬಸ್ಸು ಬೇಗ ಮುಟ್ಟಿಸುವುದೆಂದು ತಿಳಿದೂ ನಾನು ಲೋಂಡಾ ಸುತ್ತಿ ರೈಲಿನಲ್ಲಿಯೇ ಹೋಗುತ್ತಿದ್ದೆ. ಒಂಟಿ ಹಳಿ, ಎದುರಿನ ಗಾಡಿ ಬರುವ ತನಕ ಸಣ್ಣ ನಿಲ್ದಾಣದಲ್ಲಿ ಕಾಯಬೇಕು. ಬೆತ್ತದ ಬಳೆಗೆ ಕಟ್ಟಿದ ಟೋಕನ್ನು ಚಾಲಕನ ಕೈಸೇರದೆ ಗಾಡಿ ಕದಲುವಂತಿರಲಿಲ್ಲ. ಆ ಕಾಯುವಿಕೆಯನ್ನು ನಿಂತ ಇಂಜಿನ್ನು ತೋರಿಸಲಾರದು. ಓಡುವ ಮಾದರಿಯಷ್ಟೇ ತೋರಿಸಬಲ್ಲದು.

ಒಬ್ಬನೇ ಕಟ್ಟಿದರೆ ಆಗುವ ಅಪಾಯಕ್ಕೆ ಕ್ಯಾಲಿಫೋರ್ನಿಯದ ಜಾನ್ ಆಲೆನ್ನನ ಕಥೆಯಿದೆ. ಜಗತ್ತಿನ ಹವ್ಯಾಸಿಗಳೆಲ್ಲ ಕೊಂಡಾಡಿದ ಮಾದರಿ ಅವನದು. 1973ರ ಜನವರಿಯಲ್ಲಿ ಅವನು ತೀರಿಕೊಂಡ. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಮಾದರಿಯೂ ಸುಟ್ಟುಹೋಯಿತು. ಸಂಘಗಳಲ್ಲಿ ಒಬ್ಬೊಬ್ಬರು ಒಂದೊಂದು ಹಲಗೆ ಕಟ್ಟುವ ಪದ್ಧತಿಯೂ ಇದೆ. ಅಂಚಿನ ಎತ್ತರ, ಹಳಿಯ ಸ್ಥಾನ, ತಂತಿಯ ಜೋಡಣೆ ಒಂದೇ ಆಗಿದ್ದರಾಯಿತು. ನಡುವಿನದು ಅವರವರ ಇಷ್ಟ. ನಮ್ಮಲ್ಲಿ ಬಡಗಿಯ ಕೈಯುಳ್ಳವನು ಸೇತುವೆ ಮಾಡಲಿ, ತಂತಿ ಬಲ್ಲವನು ಕೈಮರ ನೋಡಿಕೊಳ್ಳಲಿ. ಸೋಸಿದ ಕೆಂಪುಮಣ್ಣು, ಹಸಿರು ಬಣ್ಣ ಹಾಕಿದ ಕಟ್ಟಿಗೆ ಹೊಟ್ಟು, ನೀರು ಬೆರೆಸಿದ ಅಂಟು ಇದ್ದರೆ ನೆಲ ಸಿದ್ಧ. ಮಣ್ಣಿಗೇನು, ಖಾನಾಪುರದಲ್ಲಿ ಕೊರತೆಯೆ?

ಕೊರತೆಯಾಗುತ್ತಿರುವುದು ನೆನಪು. ಕಳೆದ ಮಳೆಗಾಲದಲ್ಲಿ ಖಾನಾಪುರದ ನಿಲ್ದಾಣದಲ್ಲಿ ಇಬ್ಬರು ಹಿರಿಯ ನಿವೃತ್ತ ರೈಲ್ವೆ ನೌಕರರ ಜೊತೆ ಕುಳಿತಿದ್ದೆ. ಲೋಂಡಾದಲ್ಲಿ ಇಂಜಿನ್ನಿಗೆ ನೀರು ಕೊಡುವ ಕಂಬ ಯಾವ ಬದಿಗಿತ್ತೆಂದು ಕೇಳಿದೆ. “ಕ್ಯಾಸಲ್ ರಾಕ್ ಕಡೆ ಮಾರಿ ಮಾಡಿ ನಿಂತರ ಬಲಕ್ಕ ಇತ್ತರಿ” ಎಂದರೊಬ್ಬರು. “ಎಲ್ಲೀದು ತಗೀರಿ, ಎಡಕ್ಕ” ಎಂದರು ಇನ್ನೊಬ್ಬರು. ವಾದ ಬೆಳೆಯಿತು, ಕೊನೆಗೆ ಇಬ್ಬರೂ ನನ್ನ ಪತ್ರಿಕೆಯ ಅಂಚಿನಲ್ಲಿ ಒಂದೊಂದು ನಕ್ಷೆ ಬರೆದುಕೊಟ್ಟರು. ಎರಡೂ ನನ್ನ ಬಳಿ ಇವೆ.