ರೋಟರಿ ಏರ್ ಪ್ರೀಹೀಟರ್‌ನ ಸೀಲ್ ವ್ಯವಸ್ಥೆ

ರೋಟರಿ ಏರ್ ಪ್ರೀಹೀಟರ್‌ನ ಸೀಲ್ ವ್ಯವಸ್ಥೆಯು ಬಾಯ್ಲರಿನ ಕುಲುಮೆಗೆ ಹೋಗುವ ಗಾಳಿಯು ಹೊರಹೋಗುವ ಹೊಗೆಯೊಳಕ್ಕೆ ಸೋರುವುದನ್ನು ತಡೆಯುವ ಲೋಹದ ಪಟ್ಟಿಗಳ ಹಾಗೂ ಫಲಕಗಳ ಜೋಡಣೆಯಾಗಿದೆ. ತಿರುಗುವ ಭಾಗಕ್ಕೂ ಸ್ಥಿರ ಭಾಗಕ್ಕೂ ನಡುವೆ ಅಂತರವಿರಲೇಬೇಕಾದುದರಿಂದ ಸೋರಿಕೆಯನ್ನು ಸಂಪೂರ್ಣವಾಗಿ ನಿಲ್ಲಿಸಲಾಗದು. ಅದನ್ನು ಮಿತಿಯಲ್ಲಿಡುವುದೇ ಸೀಲುಗಳ ಉದ್ದೇಶ.

ಹಿನ್ನೆಲೆ

ಈ ಬಗೆಯ ಪ್ರೀಹೀಟರನ್ನು ಸ್ವೀಡನ್ನಿನ ಎಂಜಿನಿಯರ್ ಫ್ರೆಡ್ರಿಕ್ ಯುಂಗ್‌ಸ್ಟ್ರೋಮ್ (1875–1964) ರೂಪಿಸಿದರು. ತೆಳುವಾದ ಉಕ್ಕಿನ ಹಾಳೆಗಳನ್ನು ತುಂಬಿದ ರೋಟರ್ ನಿಮಿಷಕ್ಕೆ ಸುಮಾರು 1ರಿಂದ 3 ಸುತ್ತು ತಿರುಗುತ್ತದೆ. ಹಾಳೆಗಳು ಹೊಗೆಯ ಮಾರ್ಗದಲ್ಲಿ ಕಾದು, ಗಾಳಿಯ ಮಾರ್ಗಕ್ಕೆ ಬಂದಾಗ ಆ ಶಾಖವನ್ನು ಗಾಳಿಗೆ ಕೊಡುತ್ತವೆ.

ಸೋರಿಕೆಯ ಕಾರಣ

ಗಾಳಿಯನ್ನು ಫ್ಯಾನ್ ಒಳಕ್ಕೆ ನೂಕುವುದರಿಂದ ಅದರ ಒತ್ತಡ ಹೆಚ್ಚು. ಹೊಗೆಯನ್ನು ಮತ್ತೊಂದು ಫ್ಯಾನ್ ಹೊರಕ್ಕೆ ಎಳೆಯುವುದರಿಂದ ಅದರ ಒತ್ತಡ ಕಡಿಮೆ. ಈ ವ್ಯತ್ಯಾಸದಿಂದ ಸಂದುಗಳ ಮೂಲಕ ನಡೆಯುವುದು ನೇರ ಸೋರಿಕೆ. ರೋಟರ್ ತನ್ನ ಕೋಶಗಳಲ್ಲಿ ಹೊತ್ತೊಯ್ಯುವ ಗಾಳಿಯಿಂದ ಆಗುವ ಸೋರಿಕೆಯು ಬೇರೆ. ಅದನ್ನು ಸೀಲುಗಳು ತಡೆಯಲಾರವು.

ಸೀಲುಗಳ ವಿಧಗಳು

* ತ್ರಿಜ್ಯೀಯ ಸೀಲು: ರೋಟರ್‌ನ ಮೇಲಿನ ಮತ್ತು ಕೆಳಗಿನ ಮುಖಗಳಲ್ಲಿ, ಕೇಂದ್ರದಿಂದ ಅಂಚಿನವರೆಗೆ ಇರುತ್ತದೆ.
* ಅಕ್ಷೀಯ ಸೀಲು: ರೋಟರ್‌ನ ಹೊರಮೈಯಲ್ಲಿ, ಅಕ್ಷಕ್ಕೆ ಸಮಾನಾಂತರವಾಗಿರುತ್ತದೆ.
* ಪರಿಧಿ ಸೀಲು: ಗಾಳಿ ಅಥವಾ ಹೊಗೆಯು ಹಾಳೆಗಳನ್ನು ತಪ್ಪಿಸಿ ಅಂಚಿನಿಂದ ಹಾದುಹೋಗದಂತೆ ತಡೆಯುತ್ತದೆ.

ಉಷ್ಣ ವಿರೂಪ

ಹೊಗೆಯು ಮೇಲಿನಿಂದ ಪ್ರವೇಶಿಸುವ ಲಂಬ ಅಕ್ಷದ ಯಂತ್ರದಲ್ಲಿ ಮೇಲ್ಭಾಗವು ಕೆಳಭಾಗಕ್ಕಿಂತ ಹೆಚ್ಚು ಹಿಗ್ಗುತ್ತದೆ. ಆಗ ರೋಟರ್ ಕವುಚಿಟ್ಟ ತಟ್ಟೆಯಂತೆ ಅಂಚಿನಲ್ಲಿ ಬಾಗಿ, ಮೇಲಿನ ಸಂದು ಅಗಲವಾಗುತ್ತದೆ, ಕೆಳಗಿನದು ಕಿರಿದಾಗುತ್ತದೆ. ಆದುದರಿಂದ ಯಂತ್ರವು ತಣ್ಣಗಿರುವಾಗಲೇ ಕೆಳಗಿನ ಅಂಚಿನಲ್ಲಿ ಹೆಚ್ಚು ಅಂತರ ಬಿಡುತ್ತಾರೆ. ಮೇಲ್ಭಾಗದಲ್ಲಿ, ರೋಟರ್‌ನ ಬಾಗುವಿಕೆಯನ್ನು ಅನುಸರಿಸಿ ಇಳಿಯುವ ಫಲಕಗಳನ್ನು ಕೆಲವು ಯಂತ್ರಗಳಲ್ಲಿ ಅಳವಡಿಸುತ್ತಾರೆ.

ಜೋಡಿ ಸೀಲು

ಸೋರಿಕೆಯು ಸಂದಿನ ವಿಸ್ತೀರ್ಣಕ್ಕೂ ಒತ್ತಡ ವ್ಯತ್ಯಾಸದ ವರ್ಗಮೂಲಕ್ಕೂ ಅನುಗುಣವಾಗಿರುತ್ತದೆ. ಫಲಕದಡಿಯಲ್ಲಿ ಸದಾ ಎರಡು ಸೀಲುಗಳಿರುವಂತೆ ಮಾಡಿದರೆ ಪ್ರತಿಯೊಂದರ ಮೇಲಿನ ಒತ್ತಡ ವ್ಯತ್ಯಾಸ ಅರ್ಧವಾಗಿ, ಆ ಸಂದಿನ ಸೋರಿಕೆಯು ತಾತ್ವಿಕವಾಗಿ ಶೇ. 30ರಷ್ಟು ತಗ್ಗುತ್ತದೆ.

ಪರಿಣಾಮ ಮತ್ತು ಪರೀಕ್ಷೆ

ಸೋರಿದ ಗಾಳಿಯನ್ನೂ ಸಾಗಿಸಬೇಕಾದುದರಿಂದ ಫ್ಯಾನುಗಳು ಹೆಚ್ಚು ವಿದ್ಯುತ್ತನ್ನು ಬಳಸುತ್ತವೆ. ಅವು ಗರಿಷ್ಠ ಸಾಮರ್ಥ್ಯ ಮುಟ್ಟಿದಾಗ ಬಾಯ್ಲರಿನ ಉತ್ಪಾದನೆಯನ್ನೇ ಇಳಿಸಬೇಕಾಗಬಹುದು. ಸೋರಿದ ಗಾಳಿಯು ಹೊಗೆಯನ್ನು ತಣಿಸುವುದರಿಂದ, ನಿರ್ಗಮನದ ತಾಪಮಾಪಕವನ್ನು ಮಾತ್ರ ನೋಡಿದವರಿಗೆ ಹೆಚ್ಚು ಶಾಖ ಉಳಿತಾಯವಾದಂತೆ ತೋರುತ್ತದೆ, ಇದು ಭ್ರಮೆ. ಹೀಗಾಗಿ ಪ್ರೀಹೀಟರ್‌ನ ಮೊದಲು ಮತ್ತು ನಂತರ ಹೊಗೆಯಲ್ಲಿನ ಆಮ್ಲಜನಕದ ಪ್ರಮಾಣವನ್ನು ಅಳೆದು ಸೋರಿಕೆಯನ್ನು ನಿರ್ಣಯಿಸುತ್ತಾರೆ. ಹಾರುಬೂದಿಯಿಂದ ಸವೆದ ಸೀಲುಗಳನ್ನು ಸ್ಥಾವರ ನಿಂತಿರುವಾಗ ಬದಲಿಸಿ, ಅಂತರಗಳನ್ನು ಮತ್ತೆ ಹೊಂದಿಸುತ್ತಾರೆ.